ದೂರದ ರೂಟರ್ ಕೈತಪ್ಪದಂತೆ ಕಾನ್ಫಿಗ್ ಬದಲಿಸುವ ಕ್ರಮ: ಸಮಗ್ರ ಮಾರ್ಗದರ್ಶಿ

ಮಡಿಕೇರಿಯಲ್ಲಿ ಕೂತು ಭಾಗಮಂಡಲದ ರೂಟರ್‌ಗೆ ಲಾಗಿನ್ ಆಗುತ್ತೀರಿ. ಅದರ ಕಾನ್ಫಿಗ್ (ಸಾಧನ ಹೇಗೆ ನಡೆಯಬೇಕೆಂದು ಹೇಳುವ ಸೆಟ್ಟಿಂಗ್ ಸಾಲುಗಳು) ಬದಲಿಸಲು ನಾಲ್ಕು ಸಾಲು ಕೊಟ್ಟು ಎಂಟರ್ ಒತ್ತುತ್ತೀರಿ. ಪರದೆ ಹಾಗೇ ನಿಂತುಬಿಡುತ್ತದೆ. ರೂಟರ್ ಕೆಟ್ಟಿಲ್ಲ, ಲೈನ್ ಕೂಡ ಹೋಗಿಲ್ಲ; ಒಳಗೆ ಹೋಗುವ ದಾರಿಯನ್ನು ನೀವೇ ಮುಚ್ಚಿದ್ದೀರಿ. ಇನ್ನು ಸುಮಾರು 40 ಕಿ.ಮೀ. ತಿರುವಿನ ರಸ್ತೆ. ಜುಲೈ ತಿಂಗಳಾಗಿ ತ್ರಿವೇಣಿ ಸಂಗಮ ಉಕ್ಕಿದ್ದರೆ ಅಲ್ಲಿಗೆ ತಲುಪುವುದೇ ಕಷ್ಟ. ಎಸ್ಟೇಟ್, ಹೋಂಸ್ಟೇ, ಸಹಕಾರ ಸಂಘ, ಊರಿನ ಕೇಬಲ್ ಇಂಟರ್‌ನೆಟ್ ನೋಡಿಕೊಳ್ಳುವವರು ಪದೇ ಪದೇ ಸಿಕ್ಕಿಬೀಳುವುದು ಇಲ್ಲೇ.

ಕಮಾಂಡ್ ಗೊತ್ತಿಲ್ಲದೆ ಹೀಗಾಗುವುದು ಅಪರೂಪ. ಕಮಾಂಡ್ ಸರಿಯಾಗಿಯೇ ಇರುತ್ತದೆ, ಕೊಟ್ಟ ಕ್ರಮ ತಪ್ಪಿರುತ್ತದೆ. ಮೊದಲು ವಾಪಸ್ ಬರುವ ದಾರಿ ಸಿದ್ಧವಾಗಬೇಕು, ಆಮೇಲೆ ಬದಲಾವಣೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ವಿವರ.

ಉದಾಹರಣೆಗೆ ಸಿದ್ದಾಪುರ ಕಡೆಯ ಒಂದು ಎಸ್ಟೇಟ್ ಇಟ್ಟುಕೊಳ್ಳೋಣ. ಆಫೀಸಿನಲ್ಲಿ ಮೈಕ್ರೋಟಿಕ್ ರೂಟರ್, ಸಿಸ್ಕೋ ಸ್ವಿಚ್. ಅಲ್ಲಿಂದ ಹೋಂಸ್ಟೇಗೆ ಒಂದು ವೈರ್‌ಲೆಸ್ ಲಿಂಕ್, ಹೋಂಸ್ಟೇಯಲ್ಲಿ ಇನ್ನೊಂದು ಸಿಸ್ಕೋ ಸ್ವಿಚ್. ಕಾಫಿ ಒಣಗಿಸುವ ಕಣದಲ್ಲಿ ಕ್ಯಾಮೆರಾಗಳು. ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಿರುವುದರಿಂದ ಅತಿಥಿಯ ಫೋನ್‌ನಲ್ಲೂ ಕ್ಯಾಮೆರಾ ರೆಕಾರ್ಡರ್‌ನ ಲಾಗಿನ್ ಪುಟ ತೆರೆಯುತ್ತದೆ. ಅತಿಥಿಗಳ ವೈಫೈಯನ್ನು ವಿಲ್ಯಾನ್ 30ಕ್ಕೆ, ಅಂದರೆ ಅದೇ ಕೇಬಲ್‌ಗಳ ಮೇಲೆ 30 ಎಂಬ ಸಂಖ್ಯೆಯ ಪ್ರತ್ಯೇಕ ನೆಟ್‌ವರ್ಕ್‌ಗೆ, ಬೇರೆ ಮಾಡಬೇಕು. ನೀವು ಇರುವುದು ಮಡಿಕೇರಿಯಲ್ಲಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೀಬೋರ್ಡ್‌ನಲ್ಲಿ ಎಂದಿನಂತೆ ಇಂಗ್ಲಿಷ್‌ನಲ್ಲೇ ಕೊಡಿ.

## ಹಂತ 1: ನಿಮ್ಮ ಸಾಧನ ಬದಲಾವಣೆಯನ್ನು ಯಾವಾಗ ಒಪ್ಪುತ್ತದೆ, ಯಾವಾಗ ಉಳಿಸುತ್ತದೆ?

ಇದನ್ನು ತಿಳಿಯದೆ ಮುಂದೆ ಹೋಗಲೇಬೇಡಿ. ಒಂದು ಕಂಪನಿಯ ಸಾಧನದಲ್ಲಿ ಕಾಪಾಡುವ ಉಪಾಯವೇ ಇನ್ನೊಂದು ಕಂಪನಿಯದರಲ್ಲಿ ಏನೂ ಕೆಲಸ ಮಾಡುವುದಿಲ್ಲ.

ಸಿಸ್ಕೋ ಸಾಧನಗಳ ಸಾಫ್ಟ್‌ವೇರ್ ಐಓಎಸ್‌ನಲ್ಲಿ ಎಂಟರ್ ಒತ್ತಿದ ಸಾಲು ಆ ಕ್ಷಣವೇ ಜಾರಿಗೆ ಬರುತ್ತದೆ, ಆದರೆ ಉಳಿಯುವುದಿಲ್ಲ. ಅದು ರನ್ನಿಂಗ್ ಕಾನ್ಫಿಗ್‌ನಲ್ಲಿ ಮಾತ್ರ ಇರುತ್ತದೆ. 'ರೈಟ್ ಮೆಮೊರಿ' ಕೊಟ್ಟರೆ ಮಾತ್ರ ಸ್ಟಾರ್ಟಪ್ ಕಾನ್ಫಿಗ್‌ಗೆ ಹೋಗುತ್ತದೆ. ಅಂದರೆ ಸೇವ್ ಮಾಡದೆ ಸಿಕ್ಕಿಬಿದ್ದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಹಳೆಯ ಸ್ಥಿತಿ ಬರುತ್ತದೆ.

ಮೈಕ್ರೋಟಿಕ್‌ನಲ್ಲಿ ಹಾಗಲ್ಲ. ಅಲ್ಲಿ ಬದಲಾವಣೆ ಕೂಡಲೇ ಜಾರಿಯೂ ಆಗುತ್ತದೆ, ಉಳಿದೂ ಬಿಡುತ್ತದೆ. ಎಸ್ಟೇಟ್ ರೈಟರಿಗೆ (ಲೆಕ್ಕ ಬರೆಯುವ ಗುಮಾಸ್ತರಿಗೆ) ಫೋನ್ ಮಾಡಿ 'ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂದರೆ ಅದೇ ತಪ್ಪು ಕಾನ್ಫಿಗ್ ಮತ್ತೆ ಎದ್ದು ಕೂರುತ್ತದೆ. ಸಿಸ್ಕೋ ಅಭ್ಯಾಸದವರು ಮೈಕ್ರೋಟಿಕ್‌ನಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಇದಕ್ಕೆ ಸೇಫ್ ಮೋಡ್ ಇದೆ, ಹಂತ 7ರಲ್ಲಿ ನೋಡೋಣ.

ಜುನಿಪರ್‌ನಲ್ಲಿ ನೀವು ಬರೆಯುವುದೆಲ್ಲ ಮೊದಲು ಕ್ಯಾಂಡಿಡೇಟ್ ಕಾನ್ಫಿಗ್ ಎಂಬ ಕರಡಿನಲ್ಲಿ ಕೂರುತ್ತದೆ. 'ಕಮಿಟ್' ಕೊಡುವವರೆಗೆ ನೆಟ್‌ವರ್ಕ್‌ಗೆ ಏನೂ ಆಗುವುದಿಲ್ಲ. ಅರಿಸ್ಟಾದಲ್ಲಿ 'ಕಾನ್ಫಿಗರ್ ಸೆಷನ್' ಕೊಟ್ಟರೆ, ವೈಓಎಸ್‌ನಲ್ಲಿ ಏನೂ ಕೊಡದೆಯೇ, ಇದೇ ರೀತಿ ಕರಡು ಸಿಗುತ್ತದೆ.

ವೈರ್‌ಲೆಸ್ ಲಿಂಕ್‌ಗೆ ಬಳಸುವ ಯುಬಿಕ್ವಿಟಿಯ ಏರ್‌ಓಎಸ್ ರೇಡಿಯೋಗಳಲ್ಲಿ 'ಟೆಸ್ಟ್' ಬಟನ್ ಇದೆ. ಅದನ್ನು ಒತ್ತಿ 180 ಸೆಕೆಂಡ್‌ನೊಳಗೆ 'ಅಪ್ಲೈ' ಕೊಡದಿದ್ದರೆ ರೇಡಿಯೋ ತಾನೇ ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಎಷ್ಟೋ ಜನ ಈ ಬಟನ್ ನೋಡಿಯೂ ನೇರ ಅಪ್ಲೈ ಒತ್ತುತ್ತಾರೆ. ದಯವಿಟ್ಟು ಬೇಡ.

ಮನೆಗೆ ಬಳಸುವ ಸಾಮಾನ್ಯ ವೈಫೈ ರೂಟರ್‌ಗಳಲ್ಲಿ ಇಂಥ ಅನುಕೂಲ ಇರುವುದಿಲ್ಲ. ಸೇವ್ ಒತ್ತಿದರೆ ಮುಗಿಯಿತು. ಅಂಥವನ್ನು ದೂರದಿಂದ ಮುಟ್ಟದೆ ಸ್ಥಳಕ್ಕೆ ಹೋದಾಗ ಬದಲಿಸುವುದೇ ಒಳ್ಳೆಯದು.

## ಹಂತ 2: ಬೇಕಾದ ಸಾಮಾನು

ಲ್ಯಾಪ್‌ಟಾಪ್, ಆ ಸಾಧನಕ್ಕೆ ಹೊಂದುವ ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆಯೇ ಸಾಧನಕ್ಕೆ ನೇರ ಲಾಗಿನ್ ಆಗುವ ಕೇಬಲ್), ಒಂದು ಲ್ಯಾನ್ ಕೇಬಲ್, ಬೇರೆ ಕಂಪನಿಯ ಸಿಮ್ ಇರುವ ಫೋನ್ ಅಥವಾ ಡಾಂಗಲ್. ಸರಳ ಟೆಕ್ಸ್ಟ್ ಎಡಿಟರ್ ಸಾಕು. ವರ್ಡ್‌ನಲ್ಲಿ ಕಮಾಂಡ್ ಬರೆಯಬೇಡಿ, ಅದು ಉದ್ಧರಣ ಚಿಹ್ನೆ ಮತ್ತು ಅಡ್ಡಗೆರೆಗಳನ್ನು ತನ್ನಿಷ್ಟದಂತೆ ಬದಲಿಸುತ್ತದೆ. ಎರಡು ಫೈಲ್ ಹೋಲಿಸಲು ವಿನ್‌ಮರ್ಜ್‌ನಂಥ ಉಚಿತ ಸಾಫ್ಟ್‌ವೇರ್ ಇರಲಿ.

ಕನ್ಸೋಲ್ ಕೇಬಲ್ ನಿಮ್ಮ ಬ್ಯಾಗಿನಲ್ಲಿದ್ದರೆ ಸಾಲದು. ದೂರದ ಸ್ಥಳದ ರ‍್ಯಾಕ್‌ನಲ್ಲಿ ಒಂದನ್ನು ಕಟ್ಟಿಟ್ಟು ಬನ್ನಿ.

## ಹಂತ 3: ಈಗಿನ ಸ್ಥಿತಿಯನ್ನು ಎತ್ತಿಟ್ಟುಕೊಳ್ಳಿ

ಬ್ಯಾಕಪ್ ಅಂದಕೂಡಲೇ ಎಲ್ಲರೂ ಕಾನ್ಫಿಗ್ ಫೈಲ್ ತೆಗೆಯುತ್ತಾರೆ. ಅದು ಅರ್ಧ ಕೆಲಸ.

ಮೊದಲು ಫೈಲ್. ಸಿಸ್ಕೋದಲ್ಲಿ 'ಟರ್ಮಿನಲ್ ಲೆಂಗ್ತ್ 0' ಕೊಟ್ಟು ಆಮೇಲೆ 'ಶೋ ರನ್' ಕೊಡಿ, ಪೂರ್ತಿ ಕಾನ್ಫಿಗ್ ನಿಲ್ಲದೆ ಬರುತ್ತದೆ. ಮೈಕ್ರೋಟಿಕ್‌ನಲ್ಲಿ ಎರಡು ಬಗೆ ಇವೆ, ಎರಡೂ ಬೇಕು. 'ಎಕ್ಸ್‌ಪೋರ್ಟ್' ಕೊಟ್ಟರೆ ಓದಬಹುದಾದ ಟೆಕ್ಸ್ಟ್ ಫೈಲ್ ಸಿಗುತ್ತದೆ. 'ಸಿಸ್ಟಂ ಬ್ಯಾಕಪ್ ಸೇವ್' ಕೊಟ್ಟರೆ ಬರುವ ಬೈನರಿ ಫೈಲ್ ಅದೇ ರೂಟರ್‌ಗೆ ವಾಪಸ್ ಹಾಕಲು ಮಾತ್ರ. ಸಿಡಿಲಿಗೆ ರೂಟರ್ ಸುಟ್ಟು ಬೇರೆ ಮಾಡೆಲ್ ತಂದಾಗ ಆ ಬೈನರಿ ನಂಬಬೇಡಿ, ಆಗ ನಿಮ್ಮನ್ನು ಕಾಪಾಡುವುದು ಟೆಕ್ಸ್ಟ್ ಫೈಲ್. ಒಂದು ಎಚ್ಚರಿಕೆ: ಮೈಕ್ರೋಟಿಕ್‌ನ ಸಾಫ್ಟ್‌ವೇರ್ ರೂಟರ್‌ಓಎಸ್ 7ರಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗ ಪಾಸ್‌ವರ್ಡ್‌ಗಳು ತಾವಾಗಿಯೇ ಮರೆಯಾಗುತ್ತವೆ. ಪಿಪಿಪಿಓಇ (ಇಂಟರ್‌ನೆಟ್ ಕಂಪನಿಯ ಲೈನ್‌ಗೆ ಲಾಗಿನ್ ಆಗುವ ವಿಧಾನ), ವೈಫೈ ಪಾಸ್‌ವರ್ಡ್ ಕೂಡ ಫೈಲ್‌ನಲ್ಲಿ ಬೇಕಿದ್ದರೆ 'ಶೋ-ಸೆನ್ಸಿಟಿವ್' ಸೇರಿಸಬೇಕು. ಯಾವ ಬಗೆಯಲ್ಲಿ ತೆಗೆದರೂ ರೂಟರ್‌ನ ಲಾಗಿನ್ ಪಾಸ್‌ವರ್ಡ್‌ಗಳು ಎಕ್ಸ್‌ಪೋರ್ಟ್‌ನಲ್ಲಿ ಬರುವುದಿಲ್ಲ. ಅವನ್ನು ಬೇರೆ ಬರೆದಿಡಿ. ಫೈಲ್ ಕೂಡ ಜೋಪಾನ, ವಾಟ್ಸ್ಆ್ಯಪ್ ಗ್ರೂಪಿಗೆಲ್ಲ ಹಾಕಬೇಡಿ.

ಫೈಲನ್ನು ಸಾಧನದಲ್ಲೇ ಬಿಡದೆ ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಿ. ಹೆಸರಿನಲ್ಲಿ ಸ್ಥಳ, ಸಾಧನ, ತಾರೀಕು ಮೂರೂ ಇರಲಿ. 'ನ್ಯೂ ಫೈನಲ್ 2' ಅಂತ ಇಟ್ಟರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ.

ಇನ್ನರ್ಧ, ಕೆಲಸ ಮಾಡುತ್ತಿರುವ ಸ್ಥಿತಿ. ಯಾವ ಪೋರ್ಟ್‌ಗಳು ಅಪ್ ಇವೆ, ಯಾವ ಪೋರ್ಟ್‌ನಲ್ಲಿ ಯಾವ ಮ್ಯಾಕ್ ವಿಳಾಸ (ಪ್ರತಿ ಸಾಧನದ ಹುಟ್ಟುಗುರುತು), ರೂಟಿಂಗ್ ಟೇಬಲ್, ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ಪಟ್ಟಿಯಲ್ಲಿ ಎಷ್ಟು ಮಂದಿ, ವೈರ್‌ಲೆಸ್ ಲಿಂಕ್‌ನ ಸಿಗ್ನಲ್ ಎಷ್ಟು, ಸಿಪಿಯು ಎಷ್ಟು ಓಡುತ್ತಿದೆ. ಇದನ್ನೆಲ್ಲ ಬದಲಾವಣೆಗೆ ಮೊದಲೇ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ 'ಕಣದ ಮೂರನೇ ಕ್ಯಾಮೆರಾ ಬರ್ತಿಲ್ಲ' ಎಂದು ಫೋನ್ ಬಂದಾಗ, ಅದು ನಿಮ್ಮಿಂದ ಹೋಯಿತೋ, ಮೊದಲೇ ಹೋಗಿತ್ತೋ ಹೇಳಲು ಆಗುವುದಿಲ್ಲ.

ಸ್ಟಾಟಿಕ್ ಐಪಿ (ಕೈಯಾರೆ ಹಾಕಿದ ಖಾಯಂ ವಿಳಾಸ) ಇರುವ ಸಾಧನಗಳ ಪಟ್ಟಿಯನ್ನೂ ಈಗಲೇ ಮಾಡಿ: ಕ್ಯಾಮೆರಾ ರೆಕಾರ್ಡರ್, ಹಾಜರಿ ಹಾಕುವ ಬೆರಳಚ್ಚು ಯಂತ್ರ, ಆಫೀಸಿನ ಪ್ರಿಂಟರ್. ನೆಟ್‌ವರ್ಕ್ ಬದಲಾದಾಗ ಇವು ತಾವಾಗಿ ಹಿಂದೆ ಬರುವುದಿಲ್ಲ.

## ಹಂತ 4: ಬದಲಾವಣೆಯ ಹಾಳೆ ಬರೆಯಿರಿ

ಲಾಗಿನ್ ಆದಮೇಲೆ ಯೋಚಿಸುವುದು ಬೇಡ. ಕೊಡಬೇಕಾದ ಪ್ರತಿ ಸಾಲನ್ನೂ ಮೊದಲೇ ಫೈಲ್‌ನಲ್ಲಿ ಬರೆಯಿರಿ. ಪ್ರತಿ ತುಂಡಿನ ಕೆಳಗೆ ಎರಡು ವಿಷಯ ಇರಲಿ: ಇದು ಆಯಿತೋ ಇಲ್ಲವೋ ಎಂದು ಯಾವ ಕಮಾಂಡ್‌ನಿಂದ ನೋಡುವುದು, ಇದನ್ನು ಹಿಂದೆ ತೆಗೆಯುವ ಸಾಲು ಯಾವುದು. ಹಿಂದೆ ತೆಗೆಯುವ ಸಾಲು ಬರೆಯಲು ತೋಚದಿದ್ದರೆ, ಆ ಬದಲಾವಣೆ ಇನ್ನೂ ನಿಮಗೆ ಪೂರ್ತಿ ಅರ್ಥವಾಗಿಲ್ಲ ಎಂದೇ ತಿಳಿಯಿರಿ.

ಈ ಹಾಳೆಯ ಪ್ರಾಣ ಇರುವುದು ಕ್ರಮದಲ್ಲಿ. ಮೂರು ನಿಯಮ ನೆನಪಿಡಿ.

ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ವೈರ್‌ಲೆಸ್ ಲಿಂಕ್‌ನ ಪಾಸ್‌ವರ್ಡ್ ಬದಲಿಸಬೇಕು ಅನ್ನಿ. ಆಫೀಸಿನ ರೇಡಿಯೋದಲ್ಲಿ ಮೊದಲು ಬದಲಿಸಿದರೆ ಲಿಂಕ್ ಕಡಿಯುತ್ತದೆ, ಹೋಂಸ್ಟೇಯ ರೇಡಿಯೋ ಕೈಗೆ ಸಿಗುವುದಿಲ್ಲ. ಹೋಂಸ್ಟೇಯದನ್ನು ಮೊದಲು ಬದಲಿಸಿದರೂ ಲಿಂಕ್ ಕಡಿಯುತ್ತದೆ, ಆದರೆ ಈಗ ಉಳಿದಿರುವುದು ನಿಮ್ಮ ಕಡೆಯದು ಮಾತ್ರ; ಅದನ್ನು ಬದಲಿಸಿದ ಕೂಡಲೇ ಎರಡೂ ಸೇರುತ್ತವೆ. ಟನಲ್, ಟ್ರಂಕ್ (ಹಲವು ವಿಲ್ಯಾನ್ ಒಟ್ಟಿಗೆ ಸಾಗುವ ಲಿಂಕ್), ಐಪಿ ಬದಲಾವಣೆ, ಎಲ್ಲಕ್ಕೂ ಇದೇ ನಿಯಮ.

ಹೊಸದನ್ನು ಸೇರಿಸಿ, ಪರೀಕ್ಷಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ರೂಟರ್‌ನ ಐಪಿ ಬದಲಿಸುವಾಗ ಹಳೆಯದನ್ನು ತಿದ್ದಬೇಡಿ. ಹೊಸ ಐಪಿಯನ್ನು ಪಕ್ಕದಲ್ಲಿ ಸೇರಿಸಿ, ಅದರಿಂದ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಹೇಳುವ ಪ್ರವೇಶ ಪಟ್ಟಿಗಳಿಗೂ ಹೀಗೇ. ಸಿಸ್ಕೋದಲ್ಲಿ ಬಳಕೆಯಲ್ಲಿರುವ ಪಟ್ಟಿಯನ್ನು ಅಳಿಸಿ, ಅದೇ ಹೆಸರಿನಲ್ಲಿ ಮತ್ತೆ ಬರೆಯಲು ಹೊರಟರೆ ಮೊದಲ ಸಾಲು ಬಿದ್ದ ಕ್ಷಣವೇ ಕೊನೆಯಲ್ಲಿರುವ ಕಾಣದ 'ಎಲ್ಲ ತಡೆ' ಜೀವ ತಳೆಯುತ್ತದೆ. ಎರಡನೇ ಸಾಲು ಕೊಡಲು ನೀವು ಒಳಗೇ ಇರುವುದಿಲ್ಲ. ಹೊಸ ಹೆಸರಿನಲ್ಲಿ ಪೂರ್ತಿ ಪಟ್ಟಿ ಬರೆದು, ಇಂಟರ್‌ಫೇಸ್‌ನಲ್ಲಿ ಹೆಸರನ್ನಷ್ಟೇ ಬದಲಿಸಿ.

ತಡೆಯುವ ಸಾಲು ಯಾವಾಗಲೂ ಕೊನೆಗೆ. ಮೈಕ್ರೋಟಿಕ್ ಬ್ರಿಡ್ಜ್‌ನಲ್ಲಿ (ಪೋರ್ಟ್‌ಗಳನ್ನು ಒಂದುಗೂಡಿಸುವ ಒಳಗಿನ ಸ್ವಿಚ್) ವಿಲ್ಯಾನ್ ಫಿಲ್ಟರಿಂಗ್ ಆನ್ ಮಾಡುವುದು ಇದಕ್ಕೆ ದೊಡ್ಡ ಉದಾಹರಣೆ. ವಿಲ್ಯಾನ್ ಟೇಬಲ್ ತುಂಬುವ ಮೊದಲೇ ಅದನ್ನು ಆನ್ ಮಾಡುವುದು ಕೂತ ಕೊಂಬೆಯನ್ನೇ ಕಡಿದಂತೆ. ನೀವು ಲಾಗಿನ್ ಆಗುವುದು ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಗುರುತು) ಇರುವ ವಿಲ್ಯಾನ್‌ನಿಂದಾದರೆ, ಆ ವಿಲ್ಯಾನ್‌ನ ಟ್ಯಾಗ್ಡ್ ಪಟ್ಟಿಯಲ್ಲಿ ಪೋರ್ಟ್‌ಗಳ ಜೊತೆ ಬ್ರಿಡ್ಜ್‌ನ ಹೆಸರೂ ಇರಬೇಕು. ಪೋರ್ಟ್‌ಗಳನ್ನಷ್ಟೇ ಸೇರಿಸಿದರೆ ಒಂದು ಪೋರ್ಟ್‌ನಿಂದ ಇನ್ನೊಂದಕ್ಕೆ ಟ್ರಾಫಿಕ್ ಚೆನ್ನಾಗಿಯೇ ಹೋಗುತ್ತದೆ, ರೂಟರ್‌ಗೆ ಮಾತ್ರ ತಲುಪುವುದಿಲ್ಲ. ನೆಟ್‌ವರ್ಕ್ ಸರಿ ಇದೆ, ಲಾಗಿನ್ ಮಾತ್ರ ಆಗ್ತಿಲ್ಲ ಅನ್ನುವ ಪ್ರಕರಣಗಳಲ್ಲಿ ಇದನ್ನೇ ಮೊದಲು ನೋಡಿ.

ನಮ್ಮ ಉದಾಹರಣೆಗೆ ಕ್ರಮ ಹೀಗೆ ಬರುತ್ತದೆ. ಹೋಂಸ್ಟೇ ಸ್ವಿಚ್‌ನಲ್ಲಿ ವಿಲ್ಯಾನ್ 30 ಹುಟ್ಟುಹಾಕಿ ರೇಡಿಯೋ ಕಡೆಯ ಟ್ರಂಕ್‌ಗೆ ಸೇರಿಸುವುದು. ಆಮೇಲೆ ಆಫೀಸಿನ ಸ್ವಿಚ್‌ನಲ್ಲಿ ಅದೇ ಕೆಲಸ. ಆಮೇಲೆ ರೂಟರ್‌ನಲ್ಲಿ ವಿಲ್ಯಾನ್ 30, ಅದಕ್ಕೊಂದು ಐಪಿ, ಡಿಎಚ್‌ಸಿಪಿ. ಈಗ ಹೋಂಸ್ಟೇ ಸ್ವಿಚ್‌ನ ಖಾಲಿ ಪೋರ್ಟ್ ಒಂದನ್ನು ವಿಲ್ಯಾನ್ 30ಕ್ಕೆ ಹಾಕಿ, ಅಲ್ಲಿರುವವರಿಂದ ಲ್ಯಾಪ್‌ಟಾಪ್ ಚುಚ್ಚಿಸಿ ಐಪಿ ಬರುತ್ತದೋ ನೋಡುವುದು. ಬಂದರೆ ಮಾತ್ರ ವೈಫೈ ಹೆಸರನ್ನು ವಿಲ್ಯಾನ್ 30ಕ್ಕೆ ಬದಲಿಸುವುದು. ಅತಿಥಿಗಳನ್ನು ಆಫೀಸಿನ ಕಡೆ ಬಿಡದ ಫೈರ್‌ವಾಲ್ ಸಾಲು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಯಾರ ಕೆಲಸಕ್ಕೂ ಅಡ್ಡಿಯಿಲ್ಲ.

ಟ್ರಂಕ್ ಸಾಲಿನಲ್ಲಿ ಒಂದು ಪದದ ಮೇಲೆ ಕಣ್ಣಿಡಿ. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆಡ್ 30' ಸರಿ. 'ಆಡ್' ಬಿಟ್ಟುಹೋದರೆ ಮೊದಲಿದ್ದ ಪಟ್ಟಿಯೆಲ್ಲ ಅಳಿಸಿ 30 ಒಂದೇ ಉಳಿಯುತ್ತದೆ. ನಿಮ್ಮ ಲಾಗಿನ್ ವಿಲ್ಯಾನ್ ಕೂಡ ಹೋಯಿತು. ಹಾಳೆಯಲ್ಲಿ ಈ ಪದಕ್ಕೆ ಅಡಿಗೆರೆ ಹಾಕಿಡಿ.

ಇರುವ ನೆಟ್‌ವರ್ಕ್‌ನ ಐಪಿ ವಿಳಾಸಗಳ ಸರಣಿಯನ್ನೇ ಬದಲಿಸುವ ಕೆಲಸವಾದರೆ, ಹಿಂದಿನ ದಿನವೇ ಡಿಎಚ್‌ಸಿಪಿ ಲೀಸ್ (ಒಂದು ಐಪಿಯನ್ನು ಸಾಧನಕ್ಕೆ ಕೊಟ್ಟಿರುವ) ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಸಾಧನಗಳು ಲೀಸ್ ಅರ್ಧ ಮುಗಿದಾಗ ಮತ್ತೆ ಕೇಳುತ್ತವೆ. ಒಂದು ದಿನದ ಲೀಸ್ ಇದ್ದರೆ ಅರ್ಧ ದಿನ ಹಳೆಯ ಐಪಿ ಹಿಡಿದು ಕೂತಿರುತ್ತವೆ.

## ಹಂತ 5: ಮೇಜಿನ ಮೇಲೆ ಮಾಡಿ ನೋಡಿ

ಲ್ಯಾಬ್ ಅಂದರೆ ದೊಡ್ಡ ಖರ್ಚೇನೂ ಅಲ್ಲ. ಸ್ಪೇರ್ ಇಟ್ಟಿರುವ ರೂಟರ್ ಇದ್ದರೆ ಅದೇ ಲ್ಯಾಬ್. ಇಲ್ಲದಿದ್ದರೆ ಕಂಪ್ಯೂಟರ್‌ನಲ್ಲೇ ನಕಲಿ ನೆಟ್‌ವರ್ಕ್ ಕಟ್ಟುವ ಜಿಎನ್‌ಎಸ್3 ಅಥವಾ ಈವ್-ಎನ್‌ಜಿ ಉಚಿತವಾಗಿ ಸಿಗುತ್ತವೆ. ಮೈಕ್ರೋಟಿಕ್‌ನ ಸಿಎಚ್‌ಆರ್ ಎಂಬ ವರ್ಚುವಲ್ ರೂಟರ್ ಕೂಡ ಉಚಿತ. ಉಚಿತ ಲೈಸೆನ್ಸ್‌ನಲ್ಲಿ ವೇಗ ಪ್ರತಿ ಇಂಟರ್‌ಫೇಸ್‌ಗೆ 1 ಎಂಬಿಪಿಎಸ್‌ಗೆ ಸೀಮಿತ, ಕಾನ್ಫಿಗ್ ಪರೀಕ್ಷೆಗೆ ಅದು ಧಾರಾಳ ಸಾಕು.

ಲ್ಯಾಬ್‌ಗೆ ಹಾಕಬೇಕಾದ್ದು ಹಂತ 3ರಲ್ಲಿ ತೆಗೆದ ನಿಜವಾದ ಕಾನ್ಫಿಗ್. ಖಾಲಿ ರೂಟರ್‌ನಲ್ಲಿ ಹೊಸ ಸಾಲುಗಳು ಯಾವಾಗಲೂ ಚೆನ್ನಾಗಿ ನಡೆಯುತ್ತವೆ, ಜಗಳ ಬರುವುದು ಹಳೆಯ ಸಾಲುಗಳ ಜೊತೆ. ಸಾಫ್ಟ್‌ವೇರ್ ಆವೃತ್ತಿಯೂ ಅದೇ ಇರಲಿ. ರೂಟರ್‌ಓಎಸ್ 6 ಮತ್ತು 7ರ ನಡುವೆ ರೂಟಿಂಗ್ ಸಾಲುಗಳು ಬೇರೆಯಾಗಿವೆ.

ಇಲ್ಲಿ ಎರಡು ಸಲ ಮಾಡಿ. ಮೊದಲು ಬದಲಾವಣೆ, ಆಮೇಲೆ ರೋಲ್‌ಬ್ಯಾಕ್, ಅಂದರೆ ಹಳೆಯ ಸ್ಥಿತಿಗೆ ಮರಳಿಸುವುದು. ರೋಲ್‌ಬ್ಯಾಕ್ ಆದಮೇಲೆ ಮತ್ತೆ ಕಾನ್ಫಿಗ್ ತೆಗೆದು ಮೊದಲಿನ ಫೈಲ್ ಜೊತೆ ಹೋಲಿಸಿ. ಒಂದು ಸಾಲು ವ್ಯತ್ಯಾಸ ಕಂಡರೂ ರೋಲ್‌ಬ್ಯಾಕ್ ಸಾಲುಗಳು ಅಪೂರ್ಣ. ಬಹಳ ಮಂದಿ ಈ ಎರಡನೇ ಸಲವನ್ನು ಬಿಟ್ಟುಬಿಡುತ್ತಾರೆ, ಬೇಕಾಗುವುದು ಮಾತ್ರ ಅದೇ.

ವೈರ್‌ಲೆಸ್ ಲಿಂಕ್‌ನ ಸಿಗ್ನಲ್, ಒದ್ದೆ ಸಿಲ್ವರ್ ಓಕ್ ಎಲೆಗಳು ಮಾಡುವ ತೊಂದರೆ, ಇವು ಲ್ಯಾಬ್‌ನಲ್ಲಿ ಕಾಣುವುದಿಲ್ಲ. ಅದಕ್ಕೇ ರೇಡಿಯೋ ಬದಲಾವಣೆಯನ್ನು ಬೇರೆ ಯಾವ ಕೆಲಸದ ಜೊತೆಗೂ ಬೆರೆಸಬೇಡಿ.

## ಹಂತ 6: ಸಮಯ, ಎರಡನೇ ದಾರಿ, ಸ್ಥಳದಲ್ಲೊಬ್ಬರು

ನೆಟ್‌ವರ್ಕ್ ಕೆಲಸವನ್ನು ರಾತ್ರಿ ಎರಡು ಗಂಟೆಗೆ ಮಾಡಿ ಎಂದು ಎಲ್ಲ ಕಡೆ ಹೇಳುತ್ತಾರೆ. ದೊಡ್ಡ ಊರಿನ ಡೇಟಾ ಸೆಂಟರ್‌ಗೆ ಅದು ಸರಿ. ಕೊಡಗಿನ ತೋಟಗಳಿಗೆ ನಾನು ಆ ಸಲಹೆ ಕೊಡುವುದಿಲ್ಲ. ರಾತ್ರಿ ಸಿಕ್ಕಿಬಿದ್ದರೆ ಟವರ್ ಹತ್ತಿರ ಹೋಗಿ ಆಫ್-ಆನ್ ಮಾಡಲು ಯಾರನ್ನು ಕಳಿಸುತ್ತೀರಿ? ಸಿದ್ದಾಪುರ, ಮಾಲ್ದಾರೆ, ಪೊನ್ನಂಪೇಟೆ ಕಡೆ ಕತ್ತಲಾದ ಮೇಲೆ ತೋಟದೊಳಗೆ ಆನೆ ಇರುತ್ತದೆ. ಒಂದು ರೂಟರ್‌ಗಾಗಿ ಒಬ್ಬರ ಜೀವವನ್ನು ಪಣಕ್ಕೆ ಇಡಬಾರದು.

ವಾರದ ಮಧ್ಯೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಇಟ್ಟುಕೊಳ್ಳಿ. ಹೋಂಸ್ಟೇಯ ಅತಿಥಿಗಳು ಹೊರಗೆ ಸುತ್ತಾಡಲು ಹೋಗಿರುತ್ತಾರೆ, ರೈಟರ್ ಆಫೀಸಿನಲ್ಲಿ ಇರುತ್ತಾರೆ, ಸರಿಪಡಿಸಲು ಇಡೀ ಹಗಲು ಬಾಕಿ ಇರುತ್ತದೆ. ಏಪ್ರಿಲ್, ಮೇಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಬರುವುದರಿಂದ ಬೆಳಿಗ್ಗೆಯೇ ಮುಗಿಸಿ. ವಾರಾಂತ್ಯ, ತುಲಾ ಸಂಕ್ರಮಣ, ಪುತ್ತರಿ, ಕೂಲಿ ಕೊಡುವ ದಿನ, ಸಂಘದ ತಿಂಗಳ ಕೊನೆ, ಇವು ಬೇಡ. ಕಣದಲ್ಲಿ ಕಾಫಿ ಹರಡಿರುವ ಕೊಯ್ಲಿನ ತಿಂಗಳುಗಳಲ್ಲಿ ಕ್ಯಾಮೆರಾ ನಿಲ್ಲುವ ಕೆಲಸವನ್ನು ಮುಂದೂಡಿ.

ಎರಡನೇ ದಾರಿ ಎಂದರೆ ಮುಖ್ಯ ಲೈನ್ ಬಿದ್ದರೂ ನೀವು ಸಾಧನ ಮುಟ್ಟುವ ಬೇರೆ ಮಾರ್ಗ. ಅಲ್ಲಿನವರ ಲ್ಯಾಪ್‌ಟಾಪ್‌ಗೆ ಬೇರೆ ಕಂಪನಿಯ ಸಿಮ್‌ನಿಂದ ಇಂಟರ್‌ನೆಟ್ ಕೊಟ್ಟು, ಎನಿಡೆಸ್ಕ್‌ನಂಥದರಿಂದ ನೀವು ಒಳಗೆ ಬಂದು, ಲ್ಯಾನ್ ಕೇಬಲ್ ಮೂಲಕ ಕೆಲಸ ಮಾಡಬಹುದು. ಮೈಕ್ರೋಟಿಕ್ ಆದರೆ ಅದರದೇ ಸಾಫ್ಟ್‌ವೇರ್ ವಿನ್‌ಬಾಕ್ಸ್‌ನಲ್ಲಿ ಮ್ಯಾಕ್ ವಿಳಾಸದಿಂದಲೇ ಲಾಗಿನ್ ಆಗಬಹುದು, ಐಪಿ ಪೂರ್ತಿ ಕೆಟ್ಟಿದ್ದರೂ ನಡೆಯುತ್ತದೆ. ಈ ದಾರಿಯನ್ನು ಅವತ್ತೇ ಬೆಳಿಗ್ಗೆ ಒಮ್ಮೆ ಬಳಸಿ ನೋಡಿ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಮೊಬೈಲ್ ಸಿಗ್ನಲ್ ಇಲ್ಲದ ಬಂಗಲೆಗಳಲ್ಲಿ ಫೋನ್ ಮಾತಾಡುವುದೇ ವೈಫೈ ಕಾಲಿಂಗ್‌ನಲ್ಲಿ. ನೀವು ನೆಟ್‌ವರ್ಕ್ ಕೆಡಿಸಿದ ಕ್ಷಣ, ನೆರವಿಗೆ ಇಟ್ಟುಕೊಂಡವರ ಫೋನ್ ಕೂಡ ಕಟ್ ಆಗುತ್ತದೆ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ಆಯಿತು. ಒಂದು ರೂಟಿಂಗ್ ಫಿಲ್ಟರ್ ತೆಗೆದ ಬದಲಾವಣೆಯಿಂದ ನೆಟ್‌ವರ್ಕ್ ಬಿತ್ತು. ಸಾಧನಗಳಿಗೆ ಲಾಗಿನ್ ಆಗುವ ದಾರಿಯೂ, ಸಿಬ್ಬಂದಿಯ ಫೋನೂ ಅದೇ ನೆಟ್‌ವರ್ಕ್ ಮೇಲೆ ನಿಂತಿದ್ದರಿಂದ ಸರಿಪಡಿಸುವುದು ಇನ್ನಷ್ಟು ತಡವಾಯಿತು. ಆದ್ದರಿಂದ ನಿಮ್ಮವರು ಸಿಗ್ನಲ್ ಸಿಗುವ ಜಾಗ ಯಾವುದು, ಎಷ್ಟು ಗಂಟೆಗೆ ಅಲ್ಲಿಗೆ ಬಂದು ಫೋನ್ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ.

ಅವರಿಗೆ ಹೇಳುವ ಮಾತು ಸರಳವಾಗಿರಲಿ: 'ರೈಟ್ರೇ, ಹತ್ತೂವರೆಗೆ ಲೈನ್ ಹೋದರೆ ಗಾಬರಿ ಆಗ್ಬೇಡಿ, ಏನೂ ಮುಟ್ಬೇಡಿ. ಹನ್ನೊಂದಾದರೂ ಬರದಿದ್ರೆ ಗೇಟ್ ಹತ್ರ ಬಂದು ನನಗೆ ಫೋನ್ ಮಾಡಿ.' ಇಲ್ಲದಿದ್ದರೆ ಟೈಮರ್ ಓಡುತ್ತಿರುವಾಗಲೇ ಅವರು ಒಳ್ಳೆಯ ಮನಸ್ಸಿನಿಂದ ಎಲ್ಲ ಪ್ಲಗ್ ಕಿತ್ತು ಹಾಕುತ್ತಾರೆ. ಸ್ವಿಚ್‌ನ ಅಡಾಪ್ಟರ್ ಯಾವುದು, ರೇಡಿಯೋದ್ದು ಯಾವುದು ಎಂದು ಕನ್ನಡದಲ್ಲೇ ಚೀಟಿ ಅಂಟಿಸಿಡಿ.

ಯುಪಿಎಸ್ ಬ್ಯಾಟರಿ ನೋಡದೆ ಶುರು ಮಾಡಬೇಡಿ.

## ಹಂತ 7: ಟೈಮರ್ ಹಾಕಿ, ಆಮೇಲೆ ಬದಲಿಸಿ

ಈಗ ನಿಜವಾದ ಕೆಲಸ. ನೀವು ಹೊರಗೆ ಬಿದ್ದರೆ ಸಾಧನ ತಾನಾಗಿಯೇ ಹಳೆಯ ಸ್ಥಿತಿಗೆ ಬರುವಂತೆ ಮೊದಲು ಏರ್ಪಾಟು ಮಾಡಬೇಕು.

ಸಿಸ್ಕೋದಲ್ಲಿ. ಕ್ರಮ ಒಂದಿಷ್ಟೂ ಆಚೀಚೆ ಆಗಬಾರದು. ಈಗಿನ ಒಳ್ಳೆಯ ಕಾನ್ಫಿಗ್ ಸೇವ್ ಮಾಡಿ. 'ರೀಲೋಡ್ ಇನ್ 15' ಕೊಡಿ. ಬದಲಾವಣೆ ಮಾಡಿ. ಪರೀಕ್ಷಿಸಿ. ಸರಿ ಇದ್ದರೆ 'ರೀಲೋಡ್ ಕ್ಯಾನ್ಸಲ್' ಕೊಡಿ. ಆಮೇಲೆ ಸೇವ್ ಮಾಡಿ. ಜನ ಕೆಡಿಸಿಕೊಳ್ಳುವುದು ಮಧ್ಯದಲ್ಲಿ: ಬದಲಾವಣೆ ಕೊಟ್ಟ ಕೂಡಲೇ ಕೈ ಅಭ್ಯಾಸಕ್ಕೆ 'ರೈಟ್ ಮೆಮೊರಿ' ಒತ್ತುತ್ತದೆ. ಆಮೇಲೆ ರೀಲೋಡ್ ಆದರೂ ಕೆಟ್ಟ ಕಾನ್ಫಿಗ್ಗೇ ಬರುತ್ತದೆ, ಟೈಮರ್ ಹಾಕಿದ್ದೂ ವ್ಯರ್ಥ. ಇನ್ನು, ರೀಲೋಡ್ ಕೊಡುವಾಗ 'ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲೇ' ಎಂದು ಕೇಳಿದರೆ ಅಲ್ಲೇ ನಿಲ್ಲಿ. ಯಾರೋ ಮೊದಲೇ ಏನೋ ಬದಲಿಸಿ ಸೇವ್ ಮಾಡದೆ ಬಿಟ್ಟಿದ್ದಾರೆ ಎಂದರ್ಥ. ಅದೇನೆಂದು ತಿಳಿದು ಆಮೇಲೆ ಮುಂದುವರಿಯಿರಿ. ಎಷ್ಟು ಸಮಯ ಉಳಿದಿದೆ ಎಂದು 'ಶೋ ರೀಲೋಡ್' ತೋರಿಸುತ್ತದೆ.

ಹಳೆಯ ಕಾನ್ಫಿಗ್‌ನ ಪ್ರತಿ ಎತ್ತಿಡುವ ಆರ್ಕೈವ್ ವ್ಯವಸ್ಥೆ ಸೆಟ್ ಮಾಡಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇದೆ. 'ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 10' ಕೊಟ್ಟು ಕೆಲಸ ಮಾಡಿ, ಸರಿ ಎನಿಸಿದರೆ 'ಕಾನ್ಫಿಗರ್ ಕನ್‌ಫರ್ಮ್' ಕೊಡಿ. ಕೊಡದಿದ್ದರೆ ಹತ್ತು ನಿಮಿಷಕ್ಕೆ ಹಳೆಯ ಕಾನ್ಫಿಗ್ ಬರುತ್ತದೆ, ಸ್ವಿಚ್ ರೀಲೋಡ್ ಆಗುವ ತಾಪತ್ರಯ ಇಲ್ಲ.

ಇಲ್ಲೊಂದು ಅಪಾಯ ಇದೆ. ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿ ಹಂಚುವ ಸಿಸ್ಕೋ ವ್ಯವಸ್ಥೆ) ಸರ್ವರ್ ಮೋಡ್‌ನಲ್ಲಿರುವ ಸ್ವಿಚ್ ವಿಲ್ಯಾನ್ ಪಟ್ಟಿಯನ್ನು ಸ್ಟಾರ್ಟಪ್ ಕಾನ್ಫಿಗ್‌ನಲ್ಲಿ ಇಡದೆ ಬೇರೆ ಫೈಲ್‌ನಲ್ಲಿ ಇಡುತ್ತದೆ. ನೀವು ವಿಲ್ಯಾನ್ ಅಳಿಸಿದರೆ ಆ ಫೈಲ್‌ನಿಂದಲೂ ಹೋಗುತ್ತದೆ, ರೀಲೋಡ್ ಆದರೂ ಅದು ಮರಳುವುದಿಲ್ಲ. ಆದ್ದರಿಂದ ಟೈಮರ್ ನಂಬಿ ವಿಲ್ಯಾನ್ ಅಳಿಸಬೇಡಿ.

ಮೈಕ್ರೋಟಿಕ್‌ನಲ್ಲಿ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿ, ಅಥವಾ ವಿನ್‌ಬಾಕ್ಸ್‌ನಲ್ಲಿ 'ಸೇಫ್ ಮೋಡ್' ಬಟನ್. ಈಗ ನಿಮ್ಮ ಸೆಷನ್ ಅರ್ಧಕ್ಕೆ ಕಡಿದರೆ ಅಷ್ಟರವರೆಗಿನ ಬದಲಾವಣೆ ಹಿಂದೆ ಹೋಗುತ್ತದೆ. ತಕ್ಷಣ ಅಲ್ಲ, ಟಿಸಿಪಿ ಸಂಪರ್ಕ ಸತ್ತಿದೆ ಎಂದು ರೂಟರ್‌ಗೆ ಗೊತ್ತಾಗಬೇಕು, ಅದಕ್ಕೆ ಸುಮಾರು 9 ನಿಮಿಷ ಹಿಡಿಯುತ್ತದೆ. ಎರಡು ನಿಮಿಷಕ್ಕೇ ತಾಳ್ಮೆಗೆಟ್ಟು ಕಾರು ಹತ್ತಬೇಡಿ. ಎಲ್ಲ ಸರಿ ಇದ್ದರೆ ಮತ್ತೆ ಕಂಟ್ರೋಲ್ ಎಕ್ಸ್ ಒತ್ತಿ ಹೊರಬನ್ನಿ. ಕಂಟ್ರೋಲ್ ಡಿ ಒತ್ತಿದರೆ ಮಾಡಿದ್ದೆಲ್ಲ ಹೋಗುತ್ತದೆ.

ಸೇಫ್ ಮೋಡ್ ನೆನಪಿಟ್ಟುಕೊಳ್ಳುವುದು ಕೊನೆಯ 100 ಕ್ರಿಯೆಗಳನ್ನು ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ಅದು ತಾನೇ ಸೇಫ್ ಮೋಡ್‌ನಿಂದ ಹೊರಬರುತ್ತದೆ, ಏನನ್ನೂ ಹಿಂದೆ ತೆಗೆಯುವುದಿಲ್ಲ. ಇನ್ನೂರು ಸಾಲಿನ ಸ್ಕ್ರಿಪ್ಟನ್ನು ಒಮ್ಮೆಗೇ ಸುರಿದು 'ಸೇಫ್ ಮೋಡ್ ಇದೆಯಲ್ಲಾ' ಎಂದು ಧೈರ್ಯ ಮಾಡಬೇಡಿ. ತುಂಡು ತುಂಡಾಗಿ ಕೊಡಿ. ಪ್ರತಿ ತುಂಡು ಸರಿ ಇದೆ ಎಂದು ನೋಡಿದ ಮೇಲೆ ಸೇಫ್ ಮೋಡ್ ಬಿಟ್ಟು ಮತ್ತೆ ಹಾಕಿಕೊಳ್ಳಿ. ಅದೇ ಹೊತ್ತಿನಲ್ಲಿ ಇನ್ನೊಬ್ಬರು ಲಾಗಿನ್ ಆಗಿ ಮಾಡಿದ ಬದಲಾವಣೆಯೂ ನಿಮ್ಮ ಜೊತೆಯೇ ಹಿಂದೆ ಹೋಗುತ್ತದೆ. ಒಬ್ಬರೇ ಇರಿ.

ಜುನಿಪರ್‌ನಲ್ಲಿ. 'ಶೋ' ಜೊತೆ 'ಕಂಪೇರ್' ಕೊಟ್ಟು ವ್ಯತ್ಯಾಸ ಓದಿ, 'ಕಮಿಟ್ ಚೆಕ್' ಕೊಡಿ, ಆಮೇಲೆ 'ಕಮಿಟ್ ಕನ್‌ಫರ್ಮ್ಡ್'. ಸಮಯ ಹೇಳದಿದ್ದರೆ 10 ನಿಮಿಷ. ಅಷ್ಟರೊಳಗೆ ಮತ್ತೊಮ್ಮೆ 'ಕಮಿಟ್' ಕೊಡದಿದ್ದರೆ ಹಳೆಯದು ಮರಳುತ್ತದೆ. ಕಮಿಟ್ ಚೆಕ್ ಪಾಸಾದರೆ ವ್ಯಾಕರಣ ಸರಿ ಎಂದಷ್ಟೇ ಅರ್ಥ, ಲಾಗಿನ್ ಉಳಿಯುತ್ತದೆ ಎಂದಲ್ಲ.

ರೇಡಿಯೋಗಳಲ್ಲಿ. ಏರ್‌ಓಎಸ್‌ನ ಟೆಸ್ಟ್ ಬಟನ್ ಒತ್ತಿ. ಚಾನೆಲ್ ಬದಲಿಸುವುದಾದರೆ ಒಂದು ಲೆಕ್ಕ ಹಾಕಿ: ಡಿಎಫ್‌ಎಸ್ (ರೇಡಾರ್‌ಗಳೂ ಬಳಸುವ) ಚಾನೆಲ್‌ಗೆ ಹೋಗುವ ರೇಡಿಯೋ ರೇಡಾರ್ ಇದೆಯೋ ಎಂದು ಕನಿಷ್ಠ 60 ಸೆಕೆಂಡ್ ಕೇಳಿಸಿಕೊಂಡು ಆಮೇಲೆ ಸಿಗ್ನಲ್ ಬಿಡುತ್ತದೆ. 180ರಲ್ಲಿ ನಿಮಗೆ ಉಳಿಯುವುದು ಎರಡು ನಿಮಿಷ.

ಟೈಮರ್ ಎಷ್ಟು ಇರಬೇಕು? ಪರೀಕ್ಷೆಗೆ ಬೇಕಾದ ಸಮಯಕ್ಕಿಂತ ಸ್ವಲ್ಪ ಜಾಸ್ತಿ. ತೀರಾ ಕಡಿಮೆ ಇಟ್ಟರೆ ಸರಿಯಾಗಿರುವ ಬದಲಾವಣೆ ನಿಮ್ಮ ಕಣ್ಣೆದುರೇ ಹಿಂದೆ ಹೋಗುತ್ತದೆ. ಟೈಮರ್ 15 ನಿಮಿಷ ಆದರೆ ಫೋನ್‌ನಲ್ಲಿ 10 ನಿಮಿಷಕ್ಕೆ ಅಲಾರಂ ಇಡಿ. 'ಇಷ್ಟು ಗಂಟೆಗೆ' ಎನ್ನುವ ಬಗೆಯ ಟೈಮರ್ ಬೇಡ, 'ಇಷ್ಟು ನಿಮಿಷದಲ್ಲಿ' ಎನ್ನುವುದನ್ನೇ ಬಳಸಿ. ಕರೆಂಟ್ ಹೋಗಿ ಬಂದಮೇಲೆ ಬಹಳ ರೂಟರ್‌ಗಳ ಗಡಿಯಾರ ತಪ್ಪಿರುತ್ತದೆ.

## ಹಂತ 8: ನೋಡಿ, ಆಮೇಲೆ ಉಳಿಸಿ

ತೆರೆದೇ ಇರುವ ಲಾಗಿನ್ ಕಿಟಕಿ ಇನ್ನೂ ನಡೆಯುತ್ತಿದೆ ಎಂದು ಸಮಾಧಾನ ಪಡಬೇಡಿ. ಹಳೆಯ ಸಂಪರ್ಕಗಳನ್ನು ಫೈರ್‌ವಾಲ್ ಬಿಡುತ್ತಲೇ ಇರುತ್ತದೆ, ಹೊಸ ಲಾಗಿನ್‌ಗೆ ಮಾತ್ರ ಬಾಗಿಲು ಮುಚ್ಚಿರಬಹುದು. ಮೊದಲ ಕಿಟಕಿ ಮುಚ್ಚದೆ, ಎರಡನೇ ಕಿಟಕಿಯಲ್ಲಿ ಹೊಸದಾಗಿ ಲಾಗಿನ್ ಆಗಿ ನೋಡಿ. ಟೈಮರ್ ರದ್ದು ಮಾಡುವ ಮೊದಲು ಮಾಡಲೇಬೇಕಾದ ಪರೀಕ್ಷೆ ಇದು.

ಆಮೇಲೆ ಹಂತ 3ರ ಪಟ್ಟಿ ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸಿ. ಹೋಂಸ್ಟೇಯಲ್ಲಿ ಒಬ್ಬರು ವೈಫೈ ಆಫ್ ಮಾಡಿ ಆನ್ ಮಾಡಲಿ, ಹೊಸ ಸರಣಿಯ ಐಪಿ ಬರಬೇಕು. ಅದೇ ಫೋನ್‌ನಿಂದ ಕ್ಯಾಮೆರಾ ಪುಟ ತೆರೆಯಬಾರದು. ಆಫೀಸಿನಿಂದ ತೆರೆಯಬೇಕು.

ಪಿಂಗ್ ಬಂದರೆ ಎಲ್ಲ ಸರಿ ಎಂದಲ್ಲ. ಪಿಂಗ್ ಬರುತ್ತದೆ, ವಾಟ್ಸ್ಆ್ಯಪ್ ಮೆಸೇಜ್ ಹೋಗುತ್ತದೆ, ಬ್ಯಾಂಕ್ ಪುಟ ಮಾತ್ರ ಸುತ್ತುತ್ತಲೇ ಇರುತ್ತದೆ ಎಂದರೆ ಎಂಟಿಯು (ಒಮ್ಮೆಗೆ ಸಾಗಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ತೊಂದರೆ. ಪಿಪಿಪಿಓಇ ಲೈನ್‌ನಲ್ಲಿ ಮಿತಿ ಸಾಮಾನ್ಯವಾಗಿ 1492. ವಿಂಡೋಸ್‌ನಲ್ಲಿ ತುಂಡಾಗದಂತೆ 1464 ಬೈಟ್ ಗಾತ್ರದ ಪಿಂಗ್ ಕಳಿಸಿ ನೋಡಿ. ಹೆಡರ್‌ಗಳ 28 ಸೇರಿ 1492 ಆಗುತ್ತದೆ.

ಈ ಸೂಚನೆಗಳು ಕಂಡರೆ ಕಾರಣ ಹುಡುಕುತ್ತಾ ಕೂರದೆ ಟೈಮರ್ ಓಡಲು ಬಿಡಿ:

- ಲಾಗ್‌ನಲ್ಲಿ ಒಂದೇ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳ ನಡುವೆ ಓಡಾಡುತ್ತಿದೆ. ಎಲ್ಲೋ ಲೂಪ್ ಆಗಿದೆ, ಟ್ರಾಫಿಕ್ ಸುತ್ತು ಹಾಕುತ್ತಿದೆ.
- ಸಿಪಿಯು ಏರಿದ್ದು ಇಳಿಯುತ್ತಿಲ್ಲ.
- ಡಿಎಚ್‌ಸಿಪಿ ಪಟ್ಟಿ ಬೆಳೆಯುತ್ತಿಲ್ಲ, ಅಥವಾ ನೀವು ಕೊಡದ ಸರಣಿಯ ಐಪಿ ಫೋನ್‌ಗಳಿಗೆ ಬರುತ್ತಿದೆ.
- ಹೊಸ ತಡೆ ಸಾಲು ಎಷ್ಟು ಪ್ಯಾಕೆಟ್ ತಡೆಯಿತು ಎಂಬ ಎಣಿಕೆ ಸೊನ್ನೆಯಲ್ಲೇ ನಿಂತಿದೆ. ಮೈಕ್ರೋಟಿಕ್ ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ, ಹೊಸ ಸಾಲು ಕೊನೆಯಲ್ಲಿ ಬೀಳುತ್ತದೆ. ಮೇಲಿನ ಯಾವುದೋ ಸಾಲು ಅದಕ್ಕೆ ಕೆಲಸವೇ ಬಿಟ್ಟಿಲ್ಲ.

ಟೈಮರ್ ಮುಗಿಯುವ ಹೊತ್ತಿಗೆ 'ಇನ್ನೊಂದೇ ಒಂದು ಸಾಲು ತಿದ್ದಿದರೆ ಸರಿಯಾಗುತ್ತದೆ' ಅನಿಸುತ್ತದೆ. ಆ ಸಾಲು ಲ್ಯಾಬ್‌ನಲ್ಲಿ ಪರೀಕ್ಷೆ ಆಗಿಲ್ಲ ಅಲ್ವಾ? ಹಿಂದೆ ಹೋಗಲಿ ಬಿಡಿ. ಇನ್ನೊಂದು ದಿನ ಹೊಸ ಹಾಳೆಯೊಂದಿಗೆ ಬನ್ನಿ.

ಎಲ್ಲ ಸರಿ ಇದ್ದರೆ ಟೈಮರ್ ರದ್ದು ಮಾಡಿ, ಸೇವ್ ಮಾಡಿ, ಹೊಸ ಕಾನ್ಫಿಗ್ ಇಳಿಸಿಕೊಂಡು ಹಳೆಯದರೊಂದಿಗೆ ಹೋಲಿಸಿ. ವ್ಯತ್ಯಾಸದಲ್ಲಿ ಕಾಣುವ ಪ್ರತಿ ಸಾಲೂ ನಿಮ್ಮ ಹಾಳೆಯಲ್ಲಿ ಇರಬೇಕು. ಸೇವ್ ಮಾಡುವುದು ಮರೆತರೆ ನೆಟ್‌ವರ್ಕ್ ವಾರಗಟ್ಟಲೆ ಚೆನ್ನಾಗಿ ನಡೆದು, ಮರ ಬಿದ್ದು ಕರೆಂಟ್ ಹೋದ ದಿನ ಒಮ್ಮೆಗೇ ಹಳೆಯ ಸ್ಥಿತಿಗೆ ಹೋಗುತ್ತದೆ. ಆಗ ಯಾರಿಗೂ ಇವತ್ತಿನ ಕೆಲಸ ನೆನಪಿರುವುದಿಲ್ಲ.

ಅದಕ್ಕೇ ಸಾಧ್ಯವಾದರೆ ಅದೇ ಬೆಳಿಗ್ಗೆ, ರೈಟರ್ ಇನ್ನೂ ಆಫೀಸಿನಲ್ಲಿರುವಾಗಲೇ, ಆಫೀಸಿನ ರೂಟರ್ ಮತ್ತು ಸ್ವಿಚ್ ಒಮ್ಮೆ ಆಫ್ ಮಾಡಿಸಿ ಆನ್ ಮಾಡಿಸಿ. ಆಮೇಲೆ ಹೋಂಸ್ಟೇಯದನ್ನೂ ಮಾಡಿಸಿ. ಎರಡೂ ಕಡೆ ಎದ್ದು, ವಿಲ್ಯಾನ್ 30ರಲ್ಲಿ ಐಪಿ ಮತ್ತೆ ಬಂದಮೇಲೆ ಹಾಳೆಯ ಮೇಲೆ ತಾರೀಕು ಹಾಕಿ ಫೈಲ್‌ಗೆ ಸೇರಿಸಿ.